ಹಳೆಯ ಕಲ್ಲಿನ ಮುಂದೆ ಕಡಿಮೆ ನುಡಿಸಿ: ಉತ್ಸವದ ವೇದಿಕೆಗಳು ಕಲಿಸಿದ ಒಂಬತ್ತು ಪಾಠಗಳು

ದಸರೆಯಿಂದ ಶಿವರಾತ್ರಿಯವರೆಗೆ ನಮ್ಮಂಥ ಪಿಟೀಲು ವಾದಕರಿಗೆ ಓಡಾಟದ ಕಾಲ. ಮೈಸೂರು ಅರಮನೆಯ ಮುಂದೆ ಶುರುವಾಗುವ ಸುತ್ತು ಹಂಪಿ, ಲಕ್ಕುಂಡಿ, ಬಾದಾಮಿ–ಐಹೊಳೆ–ಪಟ್ಟದಕಲ್ಲುಗಳ ಚಾಲುಕ್ಯ ಉತ್ಸವ, ಬನವಾಸಿಯ ಕದಂಬೋತ್ಸವ ಎಂದು ಬೆಳೆಯುತ್ತಾ ಹೋಗುತ್ತದೆ. ಬರ ಬಿದ್ದರೆ, ಚುನಾವಣೆ ಬಂದರೆ ದಿನಾಂಕಗಳು ಹಿಂದೆ ಮುಂದೆ ಆಗುತ್ತವೆ. ಆದರೂ ಈ ಊರುಗಳಲ್ಲಿ ನುಡಿಸುವ ಆಸೆ ನನಗೆ ಒಂದು ವರ್ಷವೂ ಕಡಿಮೆಯಾಗಿಲ್ಲ. ಕೆಲವು ಸಂಜೆ ತನಿ ಕಛೇರಿ, ಕೆಲವು ಸಂಜೆ ಹಾಡುಗಾರರಿಗೆ ಪಕ್ಕವಾದ್ಯ.

ಸಭೆಯ ಕಛೇರಿಗೆ ತಯಾರಾಗುವುದನ್ನು ಗುರುಗಳು ಹೇಳಿಕೊಡುತ್ತಾರೆ. ಬಂಡೆಗಳ ನಡುವೆ, ಕೋಟೆಯ ಒಳಗೆ, ಸಾವಿರ ವರ್ಷದ ಗುಡಿಯ ಅಂಗಳದಲ್ಲಿ ನುಡಿಸಲು ತಯಾರಾಗುವುದನ್ನು ಆ ಜಾಗಗಳೇ ಕಲಿಸಬೇಕು. ಹೊಸದಾಗಿ ಈ ವೇದಿಕೆಗಳಿಗೆ ಬರುತ್ತಿರುವ ಕಿರಿಯರಿಗೆಂದು ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಎಲ್ಲ ಪಾಠಗಳ ಒಳಗೂ ಇರುವುದು ಒಂದೇ ಮಾತು: ಹಳೆಯ ಜಾಗಕ್ಕೆ ಹೋದಾಗ ಕಡಿಮೆ ಮಾಡಲು ಕಲಿಯಬೇಕು. ಸದ್ದು ಕಡಿಮೆ, ಸ್ವರ ಕಡಿಮೆ, ಕೃತಿ ಕಡಿಮೆ. ಆಗ ಮಾತ್ರ ಜಾಗವೂ ಕೇಳಿಸುತ್ತದೆ, ಸಂಗೀತವೂ ಕೇಳಿಸುತ್ತದೆ.

1. ಜಾಗವನ್ನು ಹಗಲಲ್ಲೇ ನೋಡಿ, ಒಮ್ಮೆ ಚಪ್ಪಾಳೆ ತಟ್ಟಿ

ಸಂಜೆ ಏಳಕ್ಕೆ ಕಛೇರಿಯಿದ್ದರೂ ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿರಿ. ವೇದಿಕೆ ಹತ್ತಿ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎದುರಿನ ಗೋಡೆ ಹದಿನೇಳು ಮೀಟರ್ ದೂರದಲ್ಲಿದ್ದರೆ ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಇನ್ನೂ ದೂರದ ಬಂಡೆಯಾದರೆ ಚಪ್ಪಾಳೆ ಎರಡು ಸಲ ಕೇಳುತ್ತದೆ. ಹಾಗೆ ಕೇಳಿತೆಂದರೆ ರಾತ್ರಿ ನೀವು ನುಡಿಸುವ ಪ್ರತಿ ಸ್ವರವೂ ಎರಡು ಸಲ ಕೇಳಲಿದೆ ಎಂದು ತಿಳಿಯಿರಿ.

ಹಂಪಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ವಿರೂಪಾಕ್ಷನ ಗುಡಿಯಿಂದ ಹೊರಟ ರಥಬೀದಿ ಪೂರ್ವದ ತುದಿಯಲ್ಲಿ ಎದುರು ಬಸವಣ್ಣನ ಬಳಿ ಮುಗಿಯುತ್ತದೆ, ಪಕ್ಕದಲ್ಲೇ ಮಾತಂಗ ಬೆಟ್ಟ ಏಳುತ್ತದೆ. ಬೆಟ್ಟದ ಬಂಡೆಗಳು ಒಂದೊಂದು ಕಡೆಗೆ ಮುಖ ಮಾಡಿ ನಿಂತಿರುವುದರಿಂದ ಸದ್ದನ್ನು ಚೂರು ಚೂರಾಗಿ ಹಿಂದಿರುಗಿಸುತ್ತವೆ. ಉದ್ದನೆಯ ನೇರ ಗೋಡೆಯಿದ್ದ ಕಡೆ ಅದೇ ಸದ್ದು ಇಡಿಯಾಗಿ ಬಂದು ಬಡಿಯುತ್ತದೆ. ಎರಡಕ್ಕೂ ನುಡಿಸುವ ರೀತಿ ಬೇರೆ.

ಚಪ್ಪಾಳೆಯ ನಂತರ ಇನ್ನೂ ಮೂರು ಸಂಗತಿ ನೋಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ಜನರೇಟರ್ ಎಲ್ಲಿ ನಿಲ್ಲಿಸಿದ್ದಾರೆ? ಹತ್ತಿರದ ಇನ್ನೊಂದು ವೇದಿಕೆಯಲ್ಲಿ ಅದೇ ಹೊತ್ತಿಗೆ ಏನಿದೆ? ಪಕ್ಕದಲ್ಲಿ ವಾದ್ಯಗೋಷ್ಠಿಯಿದ್ದರೆ ನಿಮ್ಮ ವಿಳಂಬ ಆಲಾಪನೆಯ ನಡುವೆ ಅವರ ಡ್ರಮ್ಸ್ ಕೇಳುವುದು ಖಂಡಿತ. ಮಧ್ಯಾಹ್ನವೇ ಗೊತ್ತಾದರೆ ಸಂಘಟಕರ ಜತೆ ಮಾತಾಡಿ ಸಮಯ ಸ್ವಲ್ಪ ಆಚೀಚೆ ಮಾಡಿಕೊಳ್ಳಬಹುದು.

2. ಮಂಟಪದೊಳಗೆ ಕಾಲ ಇಳಿಸಿ

ಕಲ್ಲಿನ ಮಂಟಪದಲ್ಲಿ ಸ್ವರ ಬೇಗ ಸಾಯುವುದಿಲ್ಲ. ಎರಡು ಸೆಕೆಂಡು ಮೊರೆಯುವ ಜಾಗದಲ್ಲಿ ಸೆಕೆಂಡಿಗೆ ಎಂಟು ಸ್ವರದಂತೆ ನುಡಿಸಿದರೆ ಹದಿನಾರು ಸ್ವರಗಳು ಒಂದರ ಮೇಲೊಂದು ಕೂತುಬಿಡುತ್ತವೆ. ನಿಮ್ಮ ಬೆರಳು ಎಷ್ಟೇ ಸ್ಪಷ್ಟವಾಗಿದ್ದರೂ ಕೇಳುವವರ ಕಿವಿಯಲ್ಲಿ ಅವು ಒದ್ದೆ ಹಾಳೆಯ ಮೇಲಿನ ಶಾಯಿಯಂತೆ ಹರಡುತ್ತವೆ.

ಹಾಗಾಗಿ ಅಂಥ ಕಡೆ ಮೂರನೇ ಕಾಲದ ಸ್ವರಗಳನ್ನು ನಾನು ಬಿಟ್ಟೇಬಿಡುತ್ತೇನೆ. ಕಾಂಬೋಧಿ, ಶಂಕರಾಭರಣದಂಥ ರಾಗವನ್ನು ಹಿಡಿದು ಒಂದೊಂದೇ ಸ್ವರದ ಮೇಲೆ ನಿಲ್ಲುತ್ತೇನೆ. ಷಡ್ಜ ಪಂಚಮಗಳ ಮೊರೆತ ಆ ಜಾಗದಲ್ಲಿ ತಾನಾಗಿ ತುಂಬಿಕೊಂಡು ಇನ್ನೊಂದು ತಂಬೂರಿ ಸೇರಿಸಿದ ಹಾಗಾಗುತ್ತದೆ. ನುಡಿಸಿ ನಿಲ್ಲಿಸಬೇಕು, ಕಲ್ಲು ಅದನ್ನು ಮುಗಿಸಲು ಬಿಡಬೇಕು, ಆಮೇಲೆ ಮುಂದಿನ ಸಂಗತಿ. ಮೃದಂಗದವರಿಗೂ ಮೊದಲೇ ಹೇಳಿಡಿ: ಎಡಗೈ ಗುಮುಕಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಇನ್ನೊಂದು ನೆನಪಿಡಿ. ಖಾಲಿ ಜಾಗದಲ್ಲಿ ಮಾಡಿದ ಪರೀಕ್ಷೆ ಜನ ತುಂಬಿದ ಮೇಲೆ ನಿಲ್ಲುವುದಿಲ್ಲ. ಮನುಷ್ಯರ ಮೈ, ಬಟ್ಟೆ, ನೆಲಕ್ಕೆ ಹಾಸಿದ ಜಮಖಾನ ಎಲ್ಲವೂ ಸದ್ದನ್ನು ಹೀರುತ್ತವೆ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಸಂಗೀತಕ್ಕೆ ಕೇಳುಗನಾಗಿ ಹೋಗಿ ಇದನ್ನು ಮನಗಂಡಿದ್ದೇನೆ. ಅಬ್ದುಲ್ ಕರೀಂ ಖಾನರು ಹಾಡಿದ ವಾಡೆ ಅದು. ಅವರ ಶಿಷ್ಯ ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬರುತ್ತಿದ್ದರು. ಮರದ ಕಂಬ, ಮರದ ತೊಲೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತ ಜನ. ಅಲ್ಲಿ ಸ್ವರ ಬಂದ ಕೂಡಲೇ ಕಿವಿಗೆ ಸೇರುತ್ತದೆ, ಎಲ್ಲೂ ಅಲೆಯುವುದಿಲ್ಲ. ಮರದ ಮನೆಗೂ ಕಲ್ಲಿನ ಮಂಟಪಕ್ಕೂ ಒಂದೇ ಕಛೇರಿ ಹೊಂದುವುದಿಲ್ಲ.

3. ಬಯಲಲ್ಲಿ ನಿಮ್ಮ ಪಕ್ಕದವರನ್ನೇ ಕೇಳಿ

ಉತ್ಸವದ ಮುಖ್ಯ ವೇದಿಕೆ ಮಂಟಪದ ತೀರಾ ವಿರುದ್ಧ. ಸಾವಿರಾರು ಜನ, ಮೈದಾನದ ಉದ್ದಕ್ಕೂ ಸ್ಪೀಕರ್ ಗೋಪುರಗಳು. ಮೂವತ್ತನಾಲ್ಕು ಮೀಟರ್ ಆಚೆಯ ಗೋಪುರದ ಸದ್ದು ನಿಮ್ಮ ಕಿವಿಗೆ ಬರುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿರುತ್ತದೆ. ಅದನ್ನು ನಂಬಿ ತಾಳ ಹಿಡಿದರೆ ಲಯ ಜಾರುತ್ತಲೇ ಹೋಗುತ್ತದೆ. ಕಣ್ಣು ಮೃದಂಗದವರ ಕೈ ಮೇಲಿರಲಿ, ಕಿವಿ ಪಕ್ಕದ ಮಾನಿಟರ್ ಮೇಲಿರಲಿ. ಮಾನಿಟರಿನಲ್ಲಿ ತಂಬೂರಿ, ಮೃದಂಗ, ಸ್ವಲ್ಪ ನಿಮ್ಮ ವಾದ್ಯ ಸಾಕು.

ಸೌಂಡಿನವರ ಹತ್ತಿರ ಮೊದಲು ಕೇಳಬೇಕಾದ್ದು ಒಂದೇ: ಎಕೋ ಬೇಡ. ಬಂಡೆಗಳು, ಗೋಡೆಗಳು ಅದನ್ನು ಆಗಲೇ ಕೊಡುತ್ತಿವೆ. ಅವರ ಹೆಸರು ಕೇಳಿ, ಅವರು ಊಟ ಮಾಡಿದರೇ ಎಂದು ವಿಚಾರಿಸಿ, ಆಮೇಲೆ ನಿಮ್ಮ ವಾದ್ಯ ಹೇಗೆ ಕೇಳಬೇಕೆಂದು ಒಂದು ಸಾಲು ನುಡಿಸಿ ತೋರಿಸಿ. ಬೆಳಗಿನಿಂದ ಹತ್ತಾರು ತಂಡಗಳಿಗೆ ದುಡಿದವರು ಅವರು. ಅವರ ಕಿವಿ ನಿಮ್ಮ ಕಡೆಗಿದ್ದರೆ ಅರ್ಧ ಕಛೇರಿ ಗೆದ್ದಂತೆ.

ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಬೇಕೆಂಬ ಚಿಂತೆಯಲ್ಲೇ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ಮಾಡಿಕೊಂಡರು. ತಿರುಮಕೂಡಲು ನರಸೀಪುರದ ಆ ಮಹನೀಯರು ನಾದವನ್ನು ತಂತಿಯಿಂದಲೇ ತುಂಬಿದರು. ಇಂದು ನಮ್ಮ ಸಮಸ್ಯೆ ತಿರುಗುಮುರುಗಾಗಿದೆ. ಸದ್ದು ಬೇಕಾದಷ್ಟಿದೆ, ಅದರೊಳಗೆ ನಾದ ಉಳಿಯಬೇಕು. ಕಮಾನಿನ ಒತ್ತಡ ಹೆಚ್ಚಿಸಿದರೆ ಮೈಕಿನಲ್ಲಿ ಕೀರಲು ಮಾತ್ರ ದೊಡ್ಡದಾಗುತ್ತದೆ. ಮನೆಯಲ್ಲಿ ನುಡಿಸುವಷ್ಟೇ ಮೃದುವಾಗಿ ನುಡಿಸಿ, ದೂರಕ್ಕೆ ಒಯ್ಯುವ ಕೆಲಸ ಯಂತ್ರದ್ದು.

4. ಹವೆಯನ್ನು ವಾದ್ಯಕ್ಕಿಂತ ಮೊದಲು ವಿಚಾರಿಸಿ

ಚಳಿಗಾಲದ ಉತ್ತರ ಕರ್ನಾಟಕದಲ್ಲಿ ಹಗಲು ಒಣ ಬಿಸಿಲು, ರಾತ್ರಿ ಕೊರೆಯುವ ತಂಪು. ಒಂದೇ ದಿನದಲ್ಲಿ ವಾದ್ಯ ಎರಡು ಋತು ಕಾಣುತ್ತದೆ. ಒಣ ಹವೆಗೆ ಪಿಟೀಲಿನ ಬಿರಡೆ ಕುಗ್ಗಿ ಜಾರುತ್ತದೆ. ವೇದಿಕೆಯ ದೀಪಗಳ ಕಾವಿಗೆ ತಂತಿ ಸಡಿಲಾಗಿ ಶ್ರುತಿ ಇಳಿಯುತ್ತದೆ. ಅದೇ ಕಾವಿಗೆ ಕೊಳಲಿನ ಶ್ರುತಿ ಏರುತ್ತದೆ. ಪಿಟೀಲು ಕೊಳಲು ಜೊತೆಗೂಡಿದ ಕಛೇರಿಯಲ್ಲಿ ಇಬ್ಬರೂ ಎದುರುಬದುರು ದಿಕ್ಕಿಗೆ ಸರಿಯುತ್ತಿರುತ್ತೀರಿ. ಆದ್ದರಿಂದ ಪ್ರತಿ ಕೃತಿಯ ನಂತರ ಶ್ರುತಿ ನೋಡಿಕೊಳ್ಳಲು ನಾಚಬೇಡಿ.

ಮೃದಂಗದ ಚರ್ಮ ಇಬ್ಬನಿಗೆ ಸಡಿಲಾಗುತ್ತದೆ, ಒಣಗಿದರೆ ಬಿಗಿಯುತ್ತದೆ. ಎಡಮುಖಕ್ಕೆ ಹಚ್ಚಿದ ರವೆ ಬಿಸಿಗಾಳಿಗೆ ಬೇಗ ಒಣಗಿ ಉದುರುತ್ತದೆ. ಅನುಭವಿಗಳು ಕಲೆಸಿದ ರವೆಯನ್ನು ಡಬ್ಬಿಯಲ್ಲಿ ಇಟ್ಟುಕೊಂಡೇ ವೇದಿಕೆ ಹತ್ತುತ್ತಾರೆ, ಎರಡು ಮೃದಂಗ ತರುತ್ತಾರೆ.

ನನ್ನ ರೂಢಿ ಇದು. ವಾದ್ಯವನ್ನು ನಿಲ್ಲಿಸಿದ ಕಾರಿನೊಳಗೆ ಎಂದೂ ಬಿಡುವುದಿಲ್ಲ. ಕಛೇರಿಗೆ ಅರ್ಧ ಗಂಟೆ ಮುಂಚೆ ಪೆಟ್ಟಿಗೆ ತೆರೆದು ವೇದಿಕೆಯ ಪಕ್ಕದ ಹವೆಗೆ ಒಗ್ಗಲು ಬಿಡುತ್ತೇನೆ. ಒಂದು ಜೊತೆ ತಂತಿ, ಬಿರಡೆಗೆ ಹಚ್ಚುವ ಸೀಮೆಸುಣ್ಣ, ರಾಳ, ಹತ್ತಿಯ ದಪ್ಪ ಬಟ್ಟೆ ಜತೆಗಿರುತ್ತವೆ. ಮೈಸೂರು ದಸರೆಯ ಹೊತ್ತಿಗೆ ಮಳೆ ಪೂರ್ತಿ ಹೋಗಿರುವುದಿಲ್ಲ. ಅಲ್ಲಿಗೆ ದೊಡ್ಡ ಪ್ಲಾಸ್ಟಿಕ್ ಹಾಳೆಯೂ ಬೇಕು. ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಹೊತ್ತಿಕೊಂಡಾಗ ಹುಳುಗಳೂ ಬರುತ್ತವೆ, ಕಮಾನಿನ ಕೂದಲಿಗೆ ಸಿಕ್ಕಿಕೊಳ್ಳುತ್ತವೆ. ಬಟ್ಟೆಯಿಂದ ಒರೆಸಿಕೊಂಡು ನುಡಿಸುತ್ತಾ ಹೋಗಬೇಕು.

5. ಒಂದೇ ಕಛೇರಿಯನ್ನು ಮೂರು ಅಳತೆಯಲ್ಲಿ ಸಿದ್ಧಮಾಡಿ

ಉತ್ಸವದಲ್ಲಿ ಮೂರು ಗಂಟೆಯ ಕಛೇರಿ ಯಾರಿಗೂ ಸಿಗುವುದಿಲ್ಲ. ಆಹ್ವಾನ ಪತ್ರಿಕೆಯಲ್ಲಿ ನಲವತ್ತೈದು ನಿಮಿಷವಿರುತ್ತದೆ. ಉದ್ಘಾಟನೆ ತಡವಾಗಿ, ಸನ್ಮಾನ ಉದ್ದವಾಗಿ ಇಪ್ಪತ್ತೈದಕ್ಕೆ ಇಳಿಯುತ್ತದೆ. ಕೆಲವೊಮ್ಮೆ ಹನ್ನೆರಡೇ ನಿಮಿಷ. ಈ ಮೂರು ಅಳತೆಗೂ ಮನೆಯಲ್ಲೇ ತಯಾರಾಗಿ ಹೋಗಿ.

ಹನ್ನೆರಡು ನಿಮಿಷ ಸಿಕ್ಕರೆ ಮೂರು ತುಣುಕು ನುಡಿಸುವ ಆಸೆ ಬೇಡ. ಎರಡು ನಿಮಿಷ ಆಲಾಪನೆ, ಒಂದು ಕೃತಿ, ಕೃತಿಯ ಕೊನೆಗೆ ಕೆಲವೇ ಆವರ್ತ ಸ್ವರ. ಇಪ್ಪತ್ತೈದಾದರೆ ಅದೇ ಕೃತಿಗೆ ನೆರವಲ್ ಮತ್ತು ಚಿಕ್ಕ ತನಿ ಆವರ್ತನ ಸೇರುತ್ತದೆ. ನಲವತ್ತೈದಾದರೆ ಕೊನೆಗೊಂದು ದೇವರನಾಮ. ಮಧ್ಯದ ಕೃತಿ ಮಾತ್ರ ಮೂರರಲ್ಲೂ ಒಂದೇ. ಪಕ್ಕವಾದ್ಯದವರಿಗೂ ಗೊಂದಲವಿಲ್ಲ, ಕೇಳುವವರಿಗೆ ಒಂದು ರಾಗವಾದರೂ ಪೂರ್ತಿ ಸಿಗುತ್ತದೆ.

ಕೊಟ್ಟ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಮುಗಿಸಿ. ನಿಮ್ಮ ನಂತರ ಕಾಯುತ್ತಿರುವ ತಂಡವೂ ದೂರದೂರಿನಿಂದ ಬಂದಿದೆ.

6. ಆ ಊರು ಸಂಗೀತಕ್ಕೆ ಏನು ಮಾಡಿತ್ತೆಂದು ಓದಿಕೊಂಡು ಹೋಗಿ

ಈ ಜಾಗಗಳು ನಮ್ಮ ಹಿಂದಿನ ಪರದೆಯಲ್ಲ. ನಮಗಿಂತ ಮೊದಲು ಇಲ್ಲಿ ಸಂಗೀತವಿತ್ತು, ಸಂಗೀತಗಾರರಿದ್ದರು, ಅವರ ಹೊಟ್ಟೆಪಾಡಿನ ವ್ಯವಸ್ಥೆಯೂ ಇತ್ತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ್ದು ಚಾಲುಕ್ಯ ರಾಣಿ ಲೋಕಮಹಾದೇವಿ, ಪತಿ ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ. ಅಲ್ಲಿಯ ಒಂದು ಶಾಸನದಲ್ಲಿ ಆ ರಾಣಿ ಗಂಧರ್ವರಿಗೆ, ಅಂದರೆ ಹಾಡುಗಾರರಿಗೆ, ಹಿಂದಿನ ದೊರೆ ವಿಜಯಾದಿತ್ಯನ ಕಾಲದಿಂದ ನಡೆದುಬಂದ ಕಟ್ಟಳೆಗಳನ್ನು ಸ್ಥಿರಪಡಿಸಿದ್ದಾಳೆ. ಅಚಲನೆಂಬ ನಾಟ್ಯಪಂಡಿತನನ್ನು ಹೊಗಳುವ ಶಾಸನವೂ ಪಟ್ಟದಕಲ್ಲಿನಲ್ಲಿದೆ. ಸಾವಿರದ ಇನ್ನೂರು ವರ್ಷಗಳ ಹಿಂದೆ ಕಲಾವಿದರ ಹಕ್ಕನ್ನು ಕಲ್ಲಿನಲ್ಲಿ ಬರೆಸಿದ ಊರಿನಲ್ಲಿ ನುಡಿಸುತ್ತಿದ್ದೇನೆ ಎಂದು ತಿಳಿದಾಗ ನನಗೆ ಕೈ ಚಾಚಿ ಕಮಾನು ಎಳೆಯುವ ಧೈರ್ಯ ಬಂತು.

ಹಂಪಿಯ ಮಹಾನವಮಿ ದಿಬ್ಬದ ಸುತ್ತ ಕುಣಿಯುವವರ ಸಾಲುಗಳನ್ನು ಕಡೆದಿದ್ದಾರೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಒಂಬತ್ತು ದಿನಗಳ ಮಹಾನವಮಿ ಹಬ್ಬವನ್ನೂ ಅಲ್ಲಿಯ ನರ್ತಕಿಯರನ್ನೂ ವಿವರವಾಗಿ ಬರೆದಿದ್ದಾನೆ. ತುಂಗಭದ್ರೆಯ ದಡದಲ್ಲಿ ಪುರಂದರದಾಸರ ಮಂಟಪವಿದೆ. ಇಂದಿಗೂ ನಮ್ಮ ಮಕ್ಕಳ ಮೊದಲ ಪಾಠ ದಾಸರ ಹೆಸರಿನೊಂದಿಗೆ ಬಂದ ಮಾಯಾಮಾಳವಗೌಳದ ಸರಳೆ. ಹಂಪಿಯಲ್ಲಿ ಒಂದು ಸಾಲಾದರೂ ಆ ರಾಗ ನುಡಿಸದೆ ನಾನು ಇಳಿಯುವುದಿಲ್ಲ. ವಾದ್ಯ ಕಲಿತ ಯಾವ ಮಗು ಜನರ ನಡುವೆ ಕುಳಿತಿದ್ದರೂ ಅದಕ್ಕೆ ತಕ್ಷಣ ಗುರುತು ಸಿಗುತ್ತದೆ.

ಮೈಸೂರಿನ ದಸರೆಗೆ 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಹಾಕಿದ ನಾಂದಿಯ ಪರಂಪರೆಯಿದೆ. ಈಗಿನ ಅರಮನೆ ಮುಗಿದದ್ದು 1912ರಲ್ಲಿ. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯರು ಆಸ್ಥಾನದಲ್ಲಿದ್ದವರು. ಜಯಚಾಮರಾಜೇಂದ್ರ ಒಡೆಯರು ಸ್ವತಃ 94 ಕೃತಿಗಳನ್ನು ರಚಿಸಿದವರು. ಅಲ್ಲಿ ನುಡಿಸುವಾಗ ನನ್ನ ಆಯ್ಕೆ ಇವರೊಳಗಿನ ಒಬ್ಬರ ಕೃತಿ. ಅರಮನೆಯ ಮುಂದೆ ಅರಮನೆಯಲ್ಲೇ ಹುಟ್ಟಿದ ರಚನೆ ಕೇಳಬೇಕು.

7. ಕಲ್ಲನ್ನು ಮುಟ್ಟಬೇಡಿ, ಕಟ್ಟಬೇಡಿ, ಬಡಿಯಬೇಡಿ

ಹಂಪಿಯ ವಿಜಯ ವಿಠ್ಠಲ ದೇವಾಲಯದ ನಾದದ ಕಂಬಗಳನ್ನು ಒಮ್ಮೆ ತಟ್ಟಿ ನೋಡುವ ಆಸೆ ಸಂಗೀತಗಾರರಿಗೆ ಎಲ್ಲರಿಗಿಂತ ಹೆಚ್ಚು. ದಯವಿಟ್ಟು ತಟ್ಟಬೇಡಿ. ತಲೆಮಾರುಗಳ ಕುತೂಹಲದ ಪೆಟ್ಟು ತಿಂದ ಕಂಬಗಳವು. ಈಗ ತಟ್ಟುವುದಕ್ಕೆ ನಿಷೇಧವಿದೆ, ಇರಬೇಕಾದ್ದೇ. ಕಂಬವನ್ನು ತಟ್ಟುವ ವಿಡಿಯೊ ಕಲಾವಿದರಿಂದ ಬಂದರೆ ನೋಡಿದ ನೂರು ಜನಕ್ಕೆ ಅನುಮತಿ ಕೊಟ್ಟಂತಾಗುತ್ತದೆ.

ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸಂರಕ್ಷಿತ ಸ್ಮಾರಕದೊಳಗೆ ಕಾರ್ಯಕ್ರಮ ನಡೆಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ವೇದಿಕೆಯನ್ನು ದೂರದಲ್ಲಿ ಹಾಕಿದ್ದಾರೆಂದು ಬೇಸರಪಡಬೇಡಿ. ಪಟ್ಟದಕಲ್ಲಿನದು ಮರಳುಗಲ್ಲು. ಹಂಪಿಯ ಕಣಶಿಲೆಗಿಂತ ಮೃದು. ಕಂಬಕ್ಕೆ ಸುತ್ತಿದ ವೈರು, ಮೂಲೆಯಲ್ಲಿ ಒರಗಿಸಿದ ಕಬ್ಬಿಣದ ಸ್ಟ್ಯಾಂಡು, ಚೆಲ್ಲಿದ ದೀಪದೆಣ್ಣೆ ಎಲ್ಲವೂ ಗುರುತು ಬಿಡುತ್ತವೆ. ಯಾರಾದರೂ ಹಾಗೆ ಮಾಡುತ್ತಿದ್ದರೆ ಅಲ್ಲೇ ಮೆಲ್ಲಗೆ ಹೇಳಿ. ಕಲಾವಿದರ ಮಾತನ್ನು ಕೆಲಸದವರು ಗೌರವದಿಂದ ಕೇಳುತ್ತಾರೆ.

8. ಜಾತ್ರೆಗೆ ಬಂದವರನ್ನು ಕಡಿಮೆಯೆಂದು ಎಣಿಸಬೇಡಿ

ಉತ್ಸವಕ್ಕೆ ಬರುವ ಬಹುಪಾಲು ಜನ ಟಿಕೆಟ್ ಕೊಂಡು ಕಛೇರಿಗೆ ಹೋದವರಲ್ಲ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಬಸ್ಸು ಹಿಡಿದು ಮಕ್ಕಳುಮರಿಯೊಂದಿಗೆ ಬಂದವರು. ಇವರಿಗೆ ಶಾಸ್ತ್ರೀಯ ಸಂಗೀತ ಅರ್ಥವಾಗದು ಎಂದುಕೊಂಡು ಬರಿಯ ಹಗುರ ತುಣುಕು ನುಡಿಸುವುದು ದೊಡ್ಡ ಅನ್ಯಾಯ. ರಾತ್ರಿಯಿಡೀ ಭಜನೆ, ತತ್ವಪದ, ದೊಡ್ಡಾಟ ಕೇಳಿ ಬೆಳೆದ ಕಿವಿಗಳವು. ತಾಳ ತಪ್ಪಿದರೆ ಮೊದಲು ಗೊತ್ತಾಗುವುದು ಅವರಿಗೇ.

ರಾಗದ ಹೆಸರು, ರಚಿಸಿದವರ ಹೆಸರು ಒಂದು ವಾಕ್ಯದಲ್ಲಿ ಹೇಳಿ. ಉಪನ್ಯಾಸ ಬೇಡ. ಆಮೇಲೆ ನಂಬಿಕೆಯಿಂದ ನುಡಿಸಿ. ಬಾದಾಮಿಯ ಕಡೆ ಒಮ್ಮೆ ಮುಖಾರಿ ನುಡಿಸಿ ಇಳಿದಾಗ ವಯಸ್ಸಾದ ಯಜಮಾನರೊಬ್ಬರು ಮೆಟ್ಟಿಲ ಬಳಿ ಬಂದು, "ಅದೇನ್ರೀ ನಡುವ ಅಳುವಂಗ ಬಾರಿಸಿದ್ರಲ್ಲ, ಅದನ್ನ ಇನ್ನೊಮ್ಮಿ ಬಾರಸ್ರಿ" ಎಂದರು. ಅಲ್ಲೇ ನಿಂತು ನುಡಿಸಿದೆ. ರಾಗದ ಹೆಸರು ಅವರು ಕೇಳಲಿಲ್ಲ. ಅದರ ಭಾವ ಅವರಿಗೆ ಆಗಲೇ ಸಿಕ್ಕಿತ್ತು.

ಜನಪದ ತಂಡಗಳ ಹತ್ತಿರವೂ ಕುಳಿತು ಕಲಿಯಿರಿ. ಡೊಳ್ಳು, ಕರಡಿ ಮಜಲು, ವೀರಗಾಸೆ, ಕಂಸಾಳೆಯವರು ಮೈಕಿನ ಹಂಗಿಲ್ಲದೆ ಬೀದಿಯನ್ನೇ ತುಂಬುತ್ತಾರೆ. ಬೀದಿ ಕಿರಿದಾದ ಕಡೆ ಅವರು ತಾವಾಗಿ ಹೊಡೆತ ಇಳಿಸುವುದನ್ನು ಗಮನಿಸಿ. ಜಾಗವನ್ನು ಕೇಳಿ ನುಡಿಸುವ ವಿದ್ಯೆ ಅವರಲ್ಲಿ ರಕ್ತಗತವಾಗಿದೆ.

9. ಪಕ್ಕವಾದ್ಯದವರ ನೆಮ್ಮದಿ ನಿಮ್ಮ ಜವಾಬ್ದಾರಿ

ಹಂಪಿಗೆ ಬಂದ ಕಲಾವಿದರು ಉಳಿಯುವುದು ಸಾಮಾನ್ಯವಾಗಿ ಹದಿಮೂರು ಕಿಲೋಮೀಟರ್ ಆಚೆಯ ಹೊಸಪೇಟೆಯಲ್ಲಿ. ಉತ್ಸವದ ಸಂಜೆ ಆ ರಸ್ತೆ ವಾಹನಗಳಿಂದ ಕಟ್ಟಿಕೊಳ್ಳುತ್ತದೆ. ವಾಹನದ ಪಾಸು ಮೊದಲೇ ಪಡೆಯಿರಿ, ಮಧ್ಯಾಹ್ನವೇ ಹೊರಡಿ, ಜತೆಗೆ ನೀರು ಮತ್ತು ತಿನ್ನಲು ಏನಾದರೂ ಇರಲಿ. ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ವೇದಿಕೆಯಿಂದ ಎಷ್ಟು ದೂರ ಎಂದು ಒಪ್ಪಿಕೊಳ್ಳುವಾಗಲೇ ಕೇಳಿ. ಸ್ಮಾರಕಗಳ ಸುತ್ತ ಈ ಅನುಕೂಲಗಳು ಕಡಿಮೆ. ಕೇಳಿದರೆ ಹೆಚ್ಚಿನ ಸಂಘಟಕರು ಮಾಡಿಕೊಡುತ್ತಾರೆ.

ಸಂಭಾವನೆಯ ಮಾತು ಪತ್ರದಲ್ಲಿರಲಿ. ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಎಲ್ಲರಿಂದ ಸಂಗ್ರಹಿಸಿ ಒಂದೇ ಕಡತದಲ್ಲಿ ಒಯ್ಯಿರಿ. ಸರ್ಕಾರಿ ಹಣ ಬರಲು ಸಮಯ ಹಿಡಿಯುತ್ತದೆ. ಮೃದಂಗ, ಘಟ, ಮೋರ್ಚಿಂಗ್ ನುಡಿಸಿದವರು ಅಲ್ಲಿಯವರೆಗೆ ಕಾಯಬಾರದು. ಅವರ ಪಾಲನ್ನು ಊರಿಗೆ ಮರಳುವ ಮುನ್ನವೇ ಕೊಟ್ಟುಬಿಡಿ. ಲೋಕಮಹಾದೇವಿ ಹಾಡುಗಾರರಿಗೆ ಮಾಡಿದ್ದನ್ನು ನಾವು ನಮ್ಮ ತಂಡದ ಅಳತೆಯಲ್ಲಾದರೂ ಮಾಡಬೇಕು.

ಸಂಘಟಕರಲ್ಲಿ ಒಂದು ಬೇಡಿಕೆ

ಉತ್ಸವಗಳು ದೊಡ್ಡದಾಗಲಿ, ಲಕ್ಷ ಜನ ಬರಲಿ, ಬೆಳಕು ಬೀಳಲಿ. ಅದರಲ್ಲಿ ನನಗೂ ಸಂತೋಷವಿದೆ. ಆದರೆ ಮೂರು ದಿನಗಳ ಉತ್ಸವದಲ್ಲಿ ಒಂದು ಮುಂಜಾನೆಯನ್ನು, ಆರೂವರೆಯಿಂದ ಏಳೂವರೆಯವರೆಗಿನ ಒಂದೇ ಗಂಟೆಯನ್ನು, ಮೈಕಿಲ್ಲದ ಕಛೇರಿಗೆ ಮೀಸಲಿಡಿ. ಪುರಾತತ್ವ ಇಲಾಖೆ ಒಪ್ಪುವ ಒಂದು ಅಂಗಳ, ಒಂದು ಜಮಖಾನ, ನೂರು ಕೇಳುಗರು ಸಾಕು. ವೇದಿಕೆ, ಜನರೇಟರ್, ದೀಪ ಯಾವುದೂ ಬೇಡವಾದ್ದರಿಂದ ಖರ್ಚೂ ಕಡಿಮೆ, ಕಲ್ಲಿಗೂ ಕ್ಷೇಮ. ಹತ್ತಿರದ ಶಾಲೆಗಳ ಮಕ್ಕಳನ್ನು ಮೊದಲ ಸಾಲಿನಲ್ಲಿ ಕೂರಿಸಿ. ನಮ್ಮ ಸಂಗೀತ ಬೆಳೆದದ್ದು ಇಷ್ಟು ಹತ್ತಿರದ ಕೇಳುವಿಕೆಯಲ್ಲಿ, ಈ ಗುಡಿಗಳನ್ನು ಕಟ್ಟಿದವರ ಅಳತೆಯೂ ಮನುಷ್ಯನ ದನಿಯ ಅಳತೆಯೇ.

ಕಿರಿಯ ಕಲಾವಿದರಿಗೂ ನನ್ನ ಮಾತು ಇಷ್ಟೇ: ಅಂಥ ಗಂಟೆಗೆ ಕರೆ ಬಂದರೆ ಮುಖ್ಯ ವೇದಿಕೆಗಿಂತ ಮೊದಲು ಅದನ್ನು ಒಪ್ಪಿಕೊಳ್ಳಿ. ಕರೆ ಬರದಿದ್ದರೆ ನೀವೇ ಸಮಿತಿಗೆ ಪತ್ರ ಬರೆದು ಕೇಳಿ.